ಗೋಡೆಯ ಮೇಲಿನ ಹೆಸರುಗಳು

"ನೋಟಿಸು ಅಂಟಿಸಿ, ಫೋಟೊ ಹೊಡಕೊಂಡು, ಮತ್ತ ಕಿತ್ಕೊಂಡು ಹೋಗ್ಯಾರಿ ಇವ್ರು."

ಯಮನೂರ ಇದನ್ನು ಓಣಿಗೆಲ್ಲ ಕೇಳುವಂತೆ ಹೇಳಿದ. ಬ್ಯಾಂಕಿನ ಗುರುಬಸವ ಹೊಸ ಬೀಗ ಹಿಡಿದು ಮೆಟ್ಟಿಲ ಬಳಿ ನಿಂತಿದ್ದ, ಪಕ್ಕದಲ್ಲಿ ಇಬ್ಬರು ಪೊಲೀಸರು. ಗಂಗಾವತಿಯ ಆ ಓಣಿಯಲ್ಲಿ ಅಂದು ಯಾರೂ ಕೆಲಸಕ್ಕೆ ಹೊರಟಿರಲಿಲ್ಲ. ಎದುರು ಮನೆಯ ವಿರುಪಣ್ಣ ಕುರ್ಚಿಯನ್ನೇ ಹೊರಗೆ ಹಾಕಿಕೊಂಡು ಕೂತಿದ್ದ.

"ಸಾಹೇಬ್ರಿಗೆ ಚಾ ತರಿಸ್ಲೇನು ಯಮನೂರಾ?"

ಯಮನೂರ ಆ ಕಡೆ ನೋಡಲಿಲ್ಲ.

ಸಾಲದ ಕಂತು ತಪ್ಪಿದ್ದು ನಿಜ. ಅದನ್ನು ಅವನು ಅಲ್ಲಗಳೆದಿರಲಿಲ್ಲ. ಆದರೆ ಮನೆ ವಶಪಡಿಸಿಕೊಳ್ಳುವ ನೋಟಿಸು ಗೋಡೆಗೆ ಬಿದ್ದ ನಲವತ್ತೈದು ದಿನದೊಳಗೆ ಸಾಲ ವಸೂಲಿ ಟ್ರಿಬ್ಯುನಲ್‌ಗೆ ಅರ್ಜಿ ಹಾಕಬೇಕಿತ್ತು. ಆ ದಿನಗಳು ಮುಗಿದಿದ್ದವು. ನೋಟಿಸೇ ಬಿದ್ದಿಲ್ಲವೆಂದು ತೋರಿಸಿದರೆ ಮಾತ್ರ ಮನೆ ಉಳಿಸುವ ದಾರಿ ಇದೆ ಎಂದು ವಕೀಲೆ ನಾಹೀದಾ ಹೇಳಿದ್ದರು. ಗೋಡೆಯ ಮೇಲೆ ನೋಟಿಸು ಇರಲೇ ಇಲ್ಲವೆಂಬ ಪ್ರಮಾಣಪತ್ರಕ್ಕೆ ಅವನು ಸಹಿ ಹಾಕಿದ್ದ. ಅಂಟಿಸಿದೆವು ಎಂದು ಬ್ಯಾಂಕಿನವರು ಹೇಳುವ ವಾರ ಅವನು ಶ್ರೀರಾಮನಗರದಲ್ಲಿ ಭತ್ತ ಕೊಯ್ಯುವ ಯಂತ್ರಗಳ ರಿಪೇರಿಯಲ್ಲಿದ್ದ. ಮಗಳ ಮದುವೆಗೆ ಎರಡು ದಿನ ಇದ್ದಾಗ ಮನೆಗೆ ಬಂದಿದ್ದ. ಹೆಂಡತಿ ರೇಣುಕಮ್ಮನನ್ನು ಕೇಳಿದರೆ, ತಾನು ಏನೂ ನೋಡಿಲ್ಲ ಎಂದಿದ್ದಳು.

ನಿನ್ನೆಯಿಂದ ಅವಳದು ಒಂದೇ ಮಾತು: ಕೇಸು ಬೇಡ, ಬಾಡಿಗೆ ಮನೆ ನೋಡೋಣ. ಪುಕ್ಕಲಿ ಎಂದು ಬೈದಿದ್ದ. ಈಗ ಅವಳು ಮಲಗುವ ಹೊರಸನ್ನು ಗೋಡೆಗೆ ನಿಲ್ಲಿಸಿ, ಅದಕ್ಕೆ ಬೆನ್ನು ಕೊಟ್ಟು, ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು. ಓಣಿಯ ಮುಂದೆ ಮರ್ಯಾದೆ ಹೋಯಿತೆಂದು ನಾಚಿಕೆ, ಅಂದುಕೊಂಡ. ಅವನಿಗೂ ತಲೆ ಎತ್ತಲಾಗುತ್ತಿರಲಿಲ್ಲ. ಅದಕ್ಕೇ ದನಿ ಎತ್ತಿದ್ದ.

"ನಿಮ್ಮಂಥ ಸುಳ್ಳರನ್ನ ನಾ ನೋಡಿಲ್ರಿ ಸಾಹೇಬ್ರ."

ಗುರುಬಸವ ಸಿಟ್ಟಾಗಲಿಲ್ಲ. "ನಾ ಕಿತ್ತಿಲ್ಲ. ಯಾರಿಗೂ ಕೀಳಾಕ ಬರದಂಗ ಗೋಂದು ಹಚ್ಚಿದ್ದೆ" ಎಂದು ಫೋನನ್ನು ಯಮನೂರನ ಪಕ್ಕದಲ್ಲಿ ನಿಂತಿದ್ದ ನಾಹೀದಾ ಅವರ ಕೈಗೆ ಕೊಟ್ಟ.

ಅವರು ಫೋಟೊ ನೋಡಿದರು. ಗೋಡೆ ನೋಡಿದರು. ಫೋಟೊದಲ್ಲಿ ನೋಟಿಸು ಇದ್ದದ್ದು ಕಿಟಕಿಯಿಂದ ಬಲಕ್ಕೆ ಒಂದು ಮೊಳ.

"ಅಕ್ಕಾ, ಆ ಹೊರಸು ಸರಸ್ರಿ."

ರೇಣುಕಮ್ಮ ಕದಲಲಿಲ್ಲ. ಯಮನೂರನೇ ಹೊರಸನ್ನು ಎಳೆದ, ಬ್ಯಾಂಕಿನವರ ಸುಳ್ಳು ಎಲ್ಲರೂ ನೋಡಲಿ ಎಂದು. ಅಲ್ಲಿ ಮದುವೆಗೆ ಬರೆಸಿದ ಕೆಂಪಕ್ಷರಗಳಿದ್ದವು: ಶುಭ ವಿವಾಹ, ಅಮೃತಾ, ಯಂಕೇಶ. ಮೊನ್ನೆಯ ಮಳೆಗೆ ಮಗಳ ಹೆಸರಿನ ಸುತ್ತ ಸುಣ್ಣ ಚೌಕವಾಗಿ ಉಬ್ಬಿತ್ತು. ನಾಹೀದಾ ಉಗುರಿನಿಂದ ಕೆರೆದರು. ಹಕ್ಕಳೆ ಉದುರಿತು. ಒಳಗೆ ಕಾಗದ, ಕಾಗದದ ಮೇಲೆ ಬ್ಯಾಂಕಿನ ಮೊಹರು.

ವಿರುಪಣ್ಣ ಕುರ್ಚಿಯಿಂದ ಎದ್ದ. ಪ್ರಮಾಣಪತ್ರ ಯಮನೂರನ ಕೈಯಲ್ಲೇ ಇತ್ತು.

"ಅವತ್ತ ಬೀಗರು ಬರೂ ದಿನ ಇತ್ತು," ರೇಣುಕಮ್ಮ ನೆಲ ನೋಡುತ್ತ ಹೇಳಿದಳು. "ಕೀಳಾಕ ಬರಲಿಲ್ಲ. ಸುಣ್ಣ ಬಳದೆ."