ಭಾನುವಾರದ ಹ್ಞೂಂ

"ಸಂಜಿಕೆ ಐವತ್ತು ರೊಟ್ಟಿ ಬೇಕಂತ. ಹ್ಞೂಂ ಅಂದೀನಿ," ಎಂದ ಸೈದಪ್ಪ, ಹೆಂಡತಿಯ ಫೋನನ್ನು ಕಿವಿಯಿಂದ ಇಳಿಸುತ್ತಾ. ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ ಮರೆಮ್ಮ ಕಳವಾ ಊರಿನ ತಮ್ಮ ಒಂಟಿ ಕೋಣೆಯ ಬಾಗಿಲಲ್ಲಿ ಹಾಗೆಯೇ ನಿಂತಳು.

ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಆಕೆ, ಭಾನುವಾರ ಮಧ್ಯಾಹ್ನದ ಮೇಲೆ ಒಲೆ ಹಚ್ಚುವುದಿಲ್ಲವೆಂದು ಗಿರಾಕಿಗಳಿಗೆಲ್ಲ ತಾನೇ ಹೇಳಿದ್ದಳು. ವಿಠ್ಠಲವಾಡಿಯಲ್ಲಿ ಅಕ್ಕ ಆಪರೇಷನ್ ಆಗಿ ಮಲಗಿ ಮೂರು ವಾರವಾಗಿತ್ತು. ಹೋದ ಭಾನುವಾರ ಯಾರದೋ ನಾಮಕರಣದ ರೊಟ್ಟಿ, ಅದರ ಹಿಂದಿನ ವಾರ ಯಾರದೋ ನಿಶ್ಚಿತಾರ್ಥದ ರೊಟ್ಟಿ. ಅಕ್ಕನ ಮುಖ ನೋಡಲು ಒಮ್ಮೆಯೂ ಆಗಿರಲಿಲ್ಲ. ಇವತ್ತಾದರೂ ನೋಡಿ ಬರಬೇಕೆಂದು ಹೊರಟಿದ್ದಳು.

"ಯಾರನ್ನ ಕೇಳಿ ಹ್ಞೂಂ ಅಂದ್ರಿ?"

"ಒಲ್ಲೆ ಅಂದ್ರ ಗಿರಾಕಿ ಬ್ಯಾರೆ ಕಡಿ ಹೋಗ್ತಾರ. ನನಗೂ ಈಗ ಲೋಡಿಂಗ್ ಕೆಲಸ ಇಲ್ಲ."

ಮರೆಮ್ಮ ಅವನ ಕೈಯಿಂದ ಫೋನು ಕಸಿದುಕೊಂಡು ಅದೇ ನಂಬರಿಗೆ ಹಚ್ಚಿದಳು. ಆಗುವುದಿಲ್ಲ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಕಡೆಯ ಹೆಂಗಸು ಅವಳಿಗೆ ಬಾಯಿ ತೆರೆಯಲು ಬಿಡಲಿಲ್ಲ. "ಮರೆಮ್ಮಾ, ಬೀಗರು ಬಂದು ಕುಂತಾರವ್ವಾ. ನಿನ್ನ ಕೈ ರೊಟ್ಟೀನ ಬೇಕಂತಾರ. ಕಳಸ್ತಿ ಹೌದಿಲ್ಲೋ?"

"ಹ್ಞೂಂರಿ, ಕಳಸ್ತೀನಿ."

ಹಾಗೆಂದದ್ದು ತಾನೇ ಎಂದು ಮರೆಮ್ಮನಿಗೆ ಅರಿವಾಗುವಷ್ಟರಲ್ಲಿ ಫೋನು ಕಟ್ ಆಗಿತ್ತು. ಇನ್ನು ಸೈದಪ್ಪನಿಗೆ ಬೈಯುವ ಹಾಗೂ ಇರಲಿಲ್ಲ. ಆಕೆ ಕಾಲಿನ ಚಪ್ಪಲಿ ಕಳಚಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಹಿಟ್ಟಿನ ಡಬ್ಬಿ ಇಳಸ್ರಿ," ಎಂದಳು.