ಬಾಯಾರಿದ ದೋಣಿ

ತಿನಿಶ್‌ಬೆಕ್ ದೋಣಿಯೊಳಗೆ ಕಾಲಿಟ್ಟ. ಚಳಕ್ ಎಂದಿತು.

ಮತ್ತೆ ನೀರು. ಹಿಂಬದಿಯ ತಗ್ಗಿನಲ್ಲಿ ಎರಡು ಬೆರಳಷ್ಟು ಆಳ. ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ. ಮಂಡಿಯೂರಿ ಹಲಗೆಗಳ ಸಂದುಸಂದನ್ನೂ ತಡವಿ ನೋಡಿದ. ತೂತು ಸಿಗಲಿಲ್ಲ. ಡಬ್ಬಿಯಲ್ಲಿ ಮೊಗೆದು ಚೆಲ್ಲಿದ. ಸಂಜೆಯವರೆಗೂ ಮತ್ತೊಂದು ಹನಿ ಬರಲಿಲ್ಲ. ಸೋರುವುದಕ್ಕೂ ಈ ದೋಣಿಗೆ ಹೊತ್ತುಗೊತ್ತು ಇದ್ದಂತಿತ್ತು.

ಶನಿವಾರ ಮೀನುಗಾರಿಕೆ ಇಲಾಖೆಯ ಇನ್‌ಸ್ಪೆಕ್ಟರ್ ಬರುವವರಿದ್ದರು. ತಳದಲ್ಲಿ ನೀರು ಕಂಡರೆ ಪರವಾನಗಿ ಇಲ್ಲ. ಪರವಾನಗಿ ಇಲ್ಲದಿದ್ದರೆ ಇನ್ನೊಂದು ವರ್ಷ ಕಂಡವರ ದೋಣಿಯಲ್ಲಿ ಬಲೆ ಎಳೆಯಬೇಕು. ಇಪ್ಪತ್ತು ವರ್ಷದಿಂದ ದೂರದ ದಂಡೆಗೆ ಹೋಗಿ ಅವನು ಅದನ್ನೇ ಮಾಡಿದ್ದ. ಈ ಸಲವಾದರೂ ಅಪ್ಪನ ದೋಣಿಯಲ್ಲಿ ಹೋಗಬೇಕು.

ಅಪ್ಪ ಕೈಯಾರೆ ಕಟ್ಟಿದ ದೋಣಿ ಅದು. ಅರಾಲ್ ಕಡಲು ಬತ್ತಿ ಊರು ಬಿಟ್ಟು ಹೋದಾಗ ಅಂಗಳದಲ್ಲೇ ಉಳಿಯಿತು, ಮೂವತ್ತು ಬೇಸಿಗೆ. ನೆರೆಹೊರೆಯ ದೋಣಿಗಳೆಲ್ಲ ಒಣಗಿ ಬಿರಿದು ಒಂದೊಂದಾಗಿ ಒಲೆ ಸೇರಿದವು. ಇದು ಮಾತ್ರ ಬಿರಿಯಲಿಲ್ಲ. ಮರ ಒಳ್ಳೆಯದು ಎಂದರು ಊರವರು. ಈಗ ಕಡಲು ತಿರುಗಿ ಬಂದು ಮನೆಯ ಕೆಳಗೇ ನಿಂತಿತ್ತು, ಮೊದಲಿನಷ್ಟೇ ಉಪ್ಪಾಗಿ. ತಾಗಿದ್ದನ್ನೆಲ್ಲ ಮಧ್ಯಾಹ್ನದೊಳಗೆ ಬೆಳ್ಳಗೆ ಮಾಡುತ್ತಿತ್ತು: ಹಗ್ಗ, ಬಲೆ, ತಿನಿಶ್‌ಬೆಕ್‌ನ ಬೂಟು.

ಪಟ್ಟಣದ ಮೊದಲ ರಿಪೇರಿ ಅಂಗಡಿಯವನು ಸಂದುಗಳಿಗೆ ಮರಳು ಬೆರೆಸಿದ ಡಾಂಬರು ಮೆತ್ತಿ ಕೊಟ್ಟಿದ್ದ. ನೀರಿಗಿಳಿಸಿದ ಗಂಟೆಯೊಳಗೆ ಅದು ರೊಟ್ಟಿಯ ಚೂರಿನಂತೆ ಉದುರಿತು. ಅಂದಿನಿಂದ ದೋಣಿ ರಿಪೇರಿಯವರೆಂದರೆ ಅವನಿಗೆ ಮೈಯೆಲ್ಲ ಉರಿ. ಎರಡನೆಯವನು ಸೈತ್ಕಲಿ, ಅರವತ್ತರ ಮುದುಕ, ಹೆಸರುವಾಸಿ. ಅವನು ಹಳೆಯದನ್ನೆಲ್ಲ ಕಿತ್ತು ಹೊಸ ಹತ್ತಿ ತುರುಕಿ, ಡಾಂಬರು ಕಾಯಿಸಿ ಹೊಯ್ದ. ಆದರೂ ಮರುದಿನ ಬೆಳಿಗ್ಗೆ ನೀರು. ಲಾರಿಯ ಮೇಲೆ ಹೇರಿಕೊಂಡು ಅವನಲ್ಲಿಗೇ ವಾಪಸ್ ಒಯ್ದಿದ್ದಾಯಿತು. ಸೈತ್ಕಲಿ ಅದನ್ನು ಮರದ ಕಾಲುಗಳ ಮೇಲೆ ನಿಲ್ಲಿಸಿ, ಒಳಗೆ ಅಂಚಿನವರೆಗೆ ನೀರು ತುಂಬಿ, ಎರಡು ದಿನ ಕೆಳಗೆ ಒಣ ಕಾಗದ ಹಾಸಿ ಕಾದ. ಕಾಗದ ಒದ್ದೆಯಾಗಲೇ ಇಲ್ಲ.

"ನನ್ನ ಅಂಗಳದಲ್ಲಿ ಸಭ್ಯಸ್ಥ, ನಿನ್ನ ಮನೆಗೆ ಬಂದ್ರೆ ಕುಡುಕ," ಎಂದ ಸೈತ್ಕಲಿ. "ದೋಣೀದಲ್ಲಪ್ಪ ತಪ್ಪು, ಸಹವಾಸದ್ದು."

ಮನೆಗೆ ಬಂದ ಮರುದಿನವೇ ಮತ್ತೆ ಎರಡು ಬೆರಳು ನೀರು.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ವಾರಕ್ಕೊಮ್ಮೆ ಟ್ಯಾಂಕರಿನವನು ತುಂಬಿಸಿ ಹೋಗುವ ಸಿಹಿನೀರಿನ ಪೀಪಾಯಿ ಐದೇ ದಿನಕ್ಕೆ ಬರಿದಾಗುತ್ತಿದೆ, ನಿಮ್ಮ ಚಹಾದ ಚಟಕ್ಕೆ ಮಿತಿಯಿಲ್ಲ ಎಂದು ಹೆಂಡತಿ ಅಕ್ಬೋಪೆ ಅವನ ಮೇಲೆ ಹರಿಹಾಯ್ದಳು. ತಾನು ಕುಡಿಯುವುದು ಆರೇ ಬಟ್ಟಲು ಎಂದು ಅವನು ವಾದಿಸಿದ. ಒಂಟೆಯ ಹಾಲು ಕರೆಯಲೆಂದು ಎಲ್ಲರಿಗಿಂತ ಮೊದಲು ಏಳುವ ತಾಯಿ ಉಮ್ಸಿನ್ ಮೂಲೆಯಲ್ಲಿ ಕುಳಿತು, ಒದ್ದೆಯಾದ ತೋಳನ್ನು ಒಲೆಗೆ ಹಿಡಿದು ಕಾಯಿಸಿಕೊಳ್ಳುತ್ತಿದ್ದಳು. ಎಂಬತ್ತು ದಾಟಿತ್ತು, ಕಣ್ಣು ಮಂಜು.

"ಸೈತ್ಕಲೀನ ಯಾಕೋ ಬೈತೀಯ," ಎಂದಳು. "ನಿನ್ನಪ್ಪನ ದೋಣಿ. ಅದಕ್ಕೆ ಮೊದಲಿಂದ್ಲೂ ಬಾಯಾರಿಕೆ ಜಾಸ್ತಿ."

"ನೀನು ಸುಮ್ನಿರು ಅಪಾ. ಅವನು ಮೋಸಗಾರ," ಎಂದ ತಿನಿಶ್‌ಬೆಕ್ ಅಮ್ಮನಿಗೆ.

ಫೋನಿನಲ್ಲಿ ಅದೇ ಮಾತನ್ನು ಕೇಳಿಸಿಕೊಂಡ ಸೈತ್ಕಲಿ ಶನಿವಾರ ಬೆಳಿಗ್ಗೆ ತಾನೇ ಬಂದಿಳಿದ. ಇಡೀ ದಂಡೆಗೆ ಕೇಳುವಂತೆ ಪಂಥ ಕಟ್ಟಿದ. ದೋಣಿ ಸೋರಿದ್ದು ನಿಜವಾದರೆ ಅಂಗಡಿಯ ಬೋರ್ಡು ಇಳಿಸುತ್ತೇನೆ, ಸುಳ್ಳಾದರೆ ಊರವರ ಮುಂದೆ ನನ್ನನ್ನು ಕೂರಿಸಿ ಕುರಿ ತಲೆ ಬಡಿಸಬೇಕು ಎಂದ. ಆ ಮರ್ಯಾದೆ ದೊಡ್ಡ ಅತಿಥಿಗಷ್ಟೇ ಸಲ್ಲುವುದು. ತಿನಿಶ್‌ಬೆಕ್ ಒಪ್ಪಿದ. ಅವನಿಗೆ ಬೋರ್ಡು ಬೇಕಿರಲಿಲ್ಲ, ಪರವಾನಗಿ ಬೇಕಿತ್ತು.

ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೋಣಿಯೊಳಗೆ ಬಗ್ಗಿ ನೋಡಿದಳು. ಎರಡು ಬೆರಳು ನೀರು. ಪೆನ್ನಿನ ಮುಚ್ಚಳ ತೆಗೆದಳು.

"ಒಂದು ನಿಮಿಷ ನಿಲ್ಲಮ್ಮ," ಎಂದ ಸೈತ್ಕಲಿ.

ಅವನ ಕಣ್ಣು ಒಳಗಿನ ಹಲಗೆಗಳ ಮೇಲಿತ್ತು. ವಾರವಿಡೀ ಸೋರಿದ ದೋಣಿ, ಆದರೂ ಒಳಗೆ ಒಂದು ಬಿಳಿ ಗೆರೆಯೂ ಇಲ್ಲ. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡ. ಆಮೇಲೆ ಬೊಗಸೆಯಲ್ಲಿ ಮೊಗೆದು ತಿನಿಶ್‌ಬೆಕ್‌ನ ಮುಂದೆ ಹಿಡಿದ.

"ಕುಡಿ."

ತಿನಿಶ್‌ಬೆಕ್ ಒಂದು ಗುಟುಕು ಹೀರಿ ಅಭ್ಯಾಸದಂತೆ ಉಗುಳಲು ಹೊರಟ. ಉಗುಳುವಂಥದ್ದೇನೂ ಇರಲಿಲ್ಲ. ಚಹಾಕ್ಕೆ ಇಡುವಂಥ ನೀರು.

ಇಬ್ಬರೂ ಒಟ್ಟಿಗೆ ಮನೆಯ ಕಡೆ ತಿರುಗಿದರು. ಉಮ್ಸಿನ್ ಪೀಪಾಯಿಯ ಪಕ್ಕದಿಂದ ಬಕೆಟ್ ಹಿಡಿದು ದಿಬ್ಬ ಇಳಿದು ಬರುತ್ತಿದ್ದಳು. ಹುಷಾರಾಗಿ, ಒಂದು ಹನಿಯೂ ತುಳುಕದಂತೆ.

ತಿನಿಶ್‌ಬೆಕ್‌ಗೆ ಚಿಕ್ಕಂದಿನ ಅಂಗಳ ನೆನಪಾಯಿತು. ದಿನಾ ಬೆಳಿಗ್ಗೆ ದೋಣಿಯ ಸುತ್ತ ನೆಲ ಒದ್ದೆ. ಧೂಳು ಅಡಗಲೆಂದು ಅಮ್ಮ ನೀರು ಹಾಕುತ್ತಾಳೆ ಎಂದುಕೊಂಡಿದ್ದ.

"ಇವತ್ತು ಜನ ಬರ್ತಾರೆ ಅಂದ್ರಲ್ಲ, ಇನ್ನೊಂದು ಬಕೆಟ್ ತಂದೆ," ಎಂದಳು ಉಮ್ಸಿನ್. "ಮರ ಒಣಗಿ ಬಿರುಕು ಬಿಟ್ರೆ ಸೈತ್ಕಲಿ ಮರ್ಯಾದೆ ಏನಾಗ್ಬೇಕು?"

ಇನ್‌ಸ್ಪೆಕ್ಟರ್ ತುಟಿ ಕಚ್ಚಿಕೊಂಡು ಸಹಿ ಹಾಕಿದಳು. ಕುರಿ ತಲೆ ನನಗೆ ಬೇಡ, ನಿನ್ನಮ್ಮನಿಗೆ ಬಡಿಸು ಎಂದ ಸೈತ್ಕಲಿ. ಮೂವತ್ತು ವರ್ಷ ಈ ದೋಣಿಯನ್ನು ರಿಪೇರಿ ಮಾಡಿದ್ದು ತಾನಲ್ಲ ಎಂದ.

ತಿನಿಶ್‌ಬೆಕ್ ತಾಯಿಯ ಕೈಯಿಂದ ಬಕೆಟ್ ತೆಗೆದುಕೊಂಡ. "ಅಪಾ, ಕಡಲು ಬಂದಿದೆಯಲ್ಲ. ದೋಣಿ ನೀರಲ್ಲೇ ಇದೆ. ಇನ್ಯಾಕೆ ಇದು?"

"ಬಂದಿದೆ, ಸರಿ," ಎಂದು ಉಮ್ಸಿನ್ ಬಕೆಟ್ ವಾಪಸ್ ಕಿತ್ತುಕೊಂಡಳು. "ಹೋದ್ಸಲ ಹೋಗುವಾಗ ನಿಂಗೆ ಹೇಳಿ ಹೋಗಿತ್ತೇನೋ?"