ಮನೆಯವರಿಗೊಂದು ಕಂಬಳಿ

“ಒಳಗೆ ಯಾರಾದ್ರೂ ಇದಾರೇನೋ, ವಾಸ್ಕೊ?” ಕ್ಷೌರದಂಗಡಿಯ ಲೆಸ್ಟರ್ ಕೂಗಿದ. ವಾಸ್ಕೊ ಸುತ್ತ ನೋಡಿದ. ಅದು ಬೆಂಕಿ ಬಿದ್ದ ಮನೆಯವರನ್ನು ಕೇಳುವ ಪ್ರಶ್ನೆ. ಇಷ್ಟು ವರ್ಷ ಅದನ್ನು ಕೇಳುತ್ತ ಬಂದವನು ಅವನೇ. ಈಗ ಮನೆಯವರು ಯಾರೂ ಕಾಣಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಅವನ ಹೆಂಡತಿ ಇರ್ಮಾ ಹೊಲಿದ ಹಳದಿ ಪರದೆ ಉರಿಯುತ್ತಿತ್ತು.

ಅವನು ನೀರಿನ ಪೈಪಿಗೆ ಕೈ ಹಾಕಿದ. ಲೆಸ್ಟರ್ ಕಿತ್ತುಕೊಂಡ. “ನಿಮ್ಮಜ್ಜ ಮಾಡಿದ ರೂಲು ಕಣೋ, ನಂದಲ್ಲ! ದೂರ ನಿಲ್ಲು.”

ಪೆನ್ಸಿಲ್ವೇನಿಯದ ಈ ಗಣಿಯೂರಿನಲ್ಲಿ ಅಗ್ನಿಶಾಮಕ ದಳ ಕಟ್ಟಿದ್ದು ವಾಸ್ಕೊನ ಅಜ್ಜ. ಸಂಬಳವಿಲ್ಲ, ಸೈರನ್ ಕೂಗಿದರೆ ಕೈಲಿದ್ದ ಕೆಲಸ ಬಿಟ್ಟು ಓಡಿಬರುವವರ ದಳ. ತನ್ನ ಮನೆಗೇ ಬೆಂಕಿ ಬಿದ್ದಾಗ ಅಜ್ಜ ಕಂಗಾಲಾಗಿ ಪಕ್ಕದ ಮನೆಗೆ ನೀರು ಹೊಡೆದನಂತೆ. ಅಂದಿನಿಂದ ಯಾರ ಮನೆ ಉರಿಯುತ್ತಿದೆಯೋ ಅವರ ಕೈಗೆ ಪೈಪು ಕೊಡುವಂತಿಲ್ಲ. ಕಂಬಳಿ ಹೊದಿಸಿ ಕೂರಿಸಬೇಕು. ದಳದ ವಾರ್ಷಿಕ ಊಟದಲ್ಲಿ ಈ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದವನು ವಾಸ್ಕೊನೇ.

ಹೆಗಲ ಮೇಲೆ ಯಾರೋ ಬೂದು ಕಂಬಳಿ ಹಾಕಿದರು. ಅವನು ಅದನ್ನು ತೆಗೆದು, ಹೊದಿಸಬೇಕಾದವರನ್ನು ಹುಡುಕಿದ. ಬೇಲಿಯ ಬಳಿ ಹೆಂಗಸೊಬ್ಬಳು ಮುಖವೆಲ್ಲ ಮಸಿಯಾಗಿ, ಕೆಮ್ಮುತ್ತ ನಡುಗುತ್ತಿದ್ದಳು. ಹತ್ತಿರ ಹೋಗಿ ಮೆತ್ತಗೆ ಹೊದಿಸಿದ. “ಹೆದರ್ಬೇಡಿ ಅಮ್ಮಾ, ನಾವು ಬಂದಿದೀವಿ. ನಿಮ್ಮ ಯಜಮಾನ್ರು ಎಲ್ಲಿ? ಒಳಗಿಲ್ಲ ತಾನೇ?”

ಇರ್ಮಾ ಗಂಡನ ಮುಖವನ್ನೇ ನೋಡಿದಳು. ಕೆಮ್ಮು ನಿಂತ ಮೇಲೆ ಕಂಬಳಿಯ ಒಂದು ತುದಿಯನ್ನು ಅವನ ಹೆಗಲಿಗೂ ಎಳೆದಳು.

“ಒಳಗಿಲ್ಲ. ಇಲ್ಲೇ ಇದಾರೆ. ಗಾಬರಿಯಾಗಿದೆ, ಅಷ್ಟೆ.”